ಊರವರೇ ನಡೆಸಿದ ಕೆಲಸದ ಮೌಲ್ಯಮಾಪನಕ್ಕೆ ಕನ್ಸಲ್ಟೆಂಟ್ ನೇಮಿಸುವುದು ಹೇಗೆ

ಮೌಲ್ಯಮಾಪನ ಮುಗಿದ ಮೇಲೆ ಸಣ್ಣ ಸಂಸ್ಥೆಗಳವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ದುಡ್ಡು ಹೋಯ್ತು, ನಮಗೆ ಗೊತ್ತಿದ್ದದ್ದನ್ನೇ ಇಂಗ್ಲಿಷಲ್ಲಿ ಬರೆದುಕೊಟ್ಟರು." ಬಹಳ ಸಲ ಎಡವಟ್ಟು ಆಗಿರುವುದು ಕನ್ಸಲ್ಟೆಂಟ್ ಬಂದ ಮೇಲಲ್ಲ, ಅವರನ್ನು ಕರೆಯುವ ಮುಂಚೆ.

ನಾನೂ ಹಾಗೆ ಎಡವಿದವನೇ. ಕೋಲಾರದ ಕಡೆ ಐದು ಕೆರೆಗಳ ಹೂಳು ತೆಗೆಸಿ, ತೂಬು (ಗದ್ದೆಗೆ ನೀರು ಬಿಡುವ ಬಾಗಿಲು) ಮತ್ತು ಕೋಡಿ (ತುಂಬಿದ ನೀರು ಹೊರಹೋಗುವ ಜಾಗ) ದುರಸ್ತಿ ಮಾಡಿಸಿದ್ದೆವು. ಯಾವ ಕೆರೆ ಮೊದಲು, ಹೂಳು ಯಾರ ಹೊಲಕ್ಕೆ, ಲೋಡಿಗೆ ಎಷ್ಟು ವಂತಿಗೆ, ಎಲ್ಲ ತೀರ್ಮಾನವೂ ಊರಿನ ಕೆರೆ ಸಂಘಗಳದ್ದೇ. ಮೌಲ್ಯಮಾಪಕರನ್ನು ಮಾತ್ರ ನಾವು ಆಫೀಸಿನಲ್ಲಿ ಕೂತು ಆರಿಸಿದೆವು. ನೂರಕ್ಕೂ ಜಾಸ್ತಿ ಪುಟಗಳ ವರದಿ ಬಂತು. ಅದನ್ನು ಒಂದು ಸಂಘದ ಅಧ್ಯಕ್ಷರ ಕೈಗೆ ಕೊಟ್ಟೆ. ಇಂಗ್ಲಿಷ್ ಅವರಿಗೆ ಬಾರದು, ಫೋಟೊಗಳನ್ನಷ್ಟೇ ನೋಡುತ್ತಾ ಪುಟ ತಿರುಗಿಸಿದರು. ಒಂದು ಕಡೆ ನಿಲ್ಲಿಸಿ, "ಇದು ನಮ್ಮೂರಿನ ತೂಬಲ್ಲ ಸಾರ್" ಅಂದರು. ಕೆಳಗೆ ಅವರ ಊರಿನ ಹೆಸರೇ ಇತ್ತು!

ಆ ಕೆರೆ ಕೆಲಸವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ಮಾರ್ಗದರ್ಶಿ ಬರೆದಿದ್ದೇನೆ. ನಿಮ್ಮದು ಮಹಿಳಾ ಸಂಘವೋ, ಬೀಜ ಬ್ಯಾಂಕೋ ಆಗಿದ್ದರೂ ಹಂತಗಳ ಕ್ರಮ ಇದೇ. ಕ್ರಮ ತಪ್ಪಿಸಬೇಡಿ, ಅದರಲ್ಲೂ ಮೊದಲ ನಾಲ್ಕು ಹಂತಗಳನ್ನು.

ಶುರು ಮಾಡುವ ಮುಂಚೆ ಕೈಯಲ್ಲಿರಬೇಕಾದ ಕಾಗದಗಳು

ಅನುದಾನದ ಒಪ್ಪಂದ ಪತ್ರ, ಸಂಘದ ನಡಾವಳಿ ಪುಸ್ತಕ, ಪಾಸ್‌ಬುಕ್, ಗ್ರಾಮಸಭೆಯ ಠರಾವಿನ ಪ್ರತಿ, ಟ್ರ್ಯಾಕ್ಟರ್ ಲೋಡುಗಳ ಲೆಕ್ಕ ಬರೆದ ನೋಟ್‌ಬುಕ್, ಕೆಲಸ ಶುರುವಾಗುವ ಮುನ್ನ ಮಾಡಿದ ಬೇಸ್‌ಲೈನ್ ಸಮೀಕ್ಷೆ. ಬೇಸ್‌ಲೈನ್ ಮಾಡಿಲ್ಲದಿದ್ದರೆ ಮಾಡಿಲ್ಲ ಎಂದು ಈಗಲೇ ಬರೆದಿಟ್ಟುಕೊಳ್ಳಿ. ಕನ್ಸಲ್ಟೆಂಟ್ ಬಂದು ಹತ್ತು ದಿನವಾದ ಮೇಲೆ ಅದನ್ನು ಹೇಳಿದರೆ ಅವರ ಯೋಜನೆಯೆಲ್ಲ ಬುಡಮೇಲು.

ಇವೆಲ್ಲವನ್ನೂ ಸ್ಕ್ಯಾನ್ ಮಾಡಿ ಒಂದೇ ಫೋಲ್ಡರಿನಲ್ಲಿ ಹಾಕಿ. ಕಾಗದ ಹುಡುಕುವುದರಲ್ಲೇ ಕನ್ಸಲ್ಟೆಂಟರ ದಿನಗಳು ಕರಗುತ್ತವೆ, ಆ ದಿನಗಳಿಗೆ ದುಡ್ಡು ಕೊಡುವವರು ನೀವೇ.

ಹಂತ 1: ಪ್ರಶ್ನೆ ಯಾರದ್ದು ಅಂತ ಮೊದಲು ತೀರ್ಮಾನಿಸಿ

ದಾನಿಗಳಿಗೆ ಒಂದು ಪ್ರಶ್ನೆ ಇರುತ್ತದೆ: ಕೊಟ್ಟ ದುಡ್ಡಿಗೆ ತಕ್ಕ ಫಲ ಸಿಕ್ಕಿತಾ? ಸಂಘಕ್ಕೆ ಬೇರೆಯೇ ಪ್ರಶ್ನೆ ಇರುತ್ತದೆ. ನಮ್ಮಲ್ಲಿ ಕೇಳಿದಾಗ ಬಂದ ಮೊದಲ ಪ್ರಶ್ನೆ, "ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಯಾಕೆ ಇನ್ನೂ ಹೋಗ್ತಿಲ್ಲ?" ಎರಡನೆಯದು, "ನೀರಗಂಟಿಗೆ ಸಂಬಳ ಇನ್ಮೇಲೆ ಯಾರು ಕೊಡ್ತಾರೆ?" (ಅಚ್ಚುಕಟ್ಟು ಅಂದರೆ ಕೆರೆ ನೀರು ಹರಿಯುವ ಜಮೀನು, ನೀರಗಂಟಿ ಅಂದರೆ ತೂಬು ಎತ್ತಿ ಆ ನೀರು ಹಂಚುವವರು.) ದಾನಿಗಳ ಪಟ್ಟಿಯಲ್ಲಿ ಈ ಎರಡೂ ಇರಲಿಲ್ಲ.

ಸಂಘದ ಸಭೆ ಕರೆದು ಪ್ರಶ್ನೆಗಳನ್ನು ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ, ನಡಾವಳಿ ಪುಸ್ತಕದಲ್ಲೂ ಬರೆಸಿ. ಒಟ್ಟು ಐದು ಪ್ರಶ್ನೆ ಸಾಕು. ಅದರಲ್ಲಿ ಕನಿಷ್ಠ ಮೂರು ಸಂಘದವು ಆಗಿರಲಿ. ಹೆಂಗಸರು, ಕೆರೆಯಂಗಳದಲ್ಲಿ ದನ ಕುರಿ ಮೇಯಿಸುವವರು, ಮೀನು ಗುತ್ತಿಗೆ ಹಿಡಿದವರು, ಇವರನ್ನು ಬೇರೆ ಕೂರಿಸಿ ಕೇಳಿ. ಅಚ್ಚುಕಟ್ಟಿನಲ್ಲಿ ಜಮೀನು ಇಲ್ಲದವರಿಗೆ ಕೆರೆ ಬೇರೆ ಥರವೇ ಕಾಣುತ್ತದೆ.

ಎಚ್ಚರಿಕೆಯ ಸೂಚನೆ: ವರದಿ ಏನು ಹೇಳಿದರೂ ಮುಂದಿನ ಅನುದಾನದ ತೀರ್ಮಾನ ಆಗಲೇ ಆಗಿಹೋಗಿದೆ ಅನ್ನಿಸಿದರೆ ಮೌಲ್ಯಮಾಪನ ಬೇಡ ಎಂದು ದಾನಿಗಳಿಗೆ ನೇರವಾಗಿ ಹೇಳಿ. ಸುಮ್ನೆ ಊರವರ ಎರಡೆರಡು ದಿನದ ಕೂಲಿ ಹಾಳು.

ಹಂತ 2: ಹೊರಗಿನವರು ನಿಜವಾಗಲೂ ಬೇಕಾ?

ಕೆಲವು ಕಡೆ ಕಾನೂನೇ ಬೇಕು ಅನ್ನುತ್ತದೆ. ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡಬೇಕಾದ) ಹಣವಾದರೆ 2021ರ ತಿದ್ದುಪಡಿ ನಿಯಮ ನೋಡಿ. ಹಿಂದಿನ ಮೂರು ವರ್ಷಗಳಲ್ಲಿ ಸರಾಸರಿ 10 ಕೋಟಿ ರೂಪಾಯಿ ಅಥವಾ ಹೆಚ್ಚಿನ ಸಿಎಸ್‌ಆರ್ ಬಾಧ್ಯತೆ ಇರುವ ಕಂಪನಿಯು, 1 ಕೋಟಿ ಅಥವಾ ಮೇಲ್ಪಟ್ಟ ಯೋಜನೆಗಳ ಪರಿಣಾಮವನ್ನು ಸ್ವತಂತ್ರ ಏಜೆನ್ಸಿಯಿಂದಲೇ ಅಳೆಸಬೇಕು. ಅದೂ ಯೋಜನೆ ಮುಗಿದು ಕನಿಷ್ಠ ಒಂದು ವರ್ಷ ಆದ ಮೇಲೆ. ಇದಕ್ಕೆ ಸಿಎಸ್‌ಆರ್ ಲೆಕ್ಕದಲ್ಲಿ ತೋರಿಸಬಹುದಾದ ಖರ್ಚಿಗೂ ಮಿತಿ ಇದೆ. 2022ರ ತಿದ್ದುಪಡಿಯಂತೆ ಆ ವರ್ಷದ ಒಟ್ಟು ಸಿಎಸ್‌ಆರ್ ವೆಚ್ಚದ ಶೇ 2 ಅಥವಾ 50 ಲಕ್ಷ, ಯಾವುದು ಜಾಸ್ತಿಯೋ ಅದು.

ಈ ವ್ಯಾಪ್ತಿಗೆ ಬರದ ಸಣ್ಣ ಕೆಲಸಕ್ಕೆ ಪಕ್ಕದ ತಾಲ್ಲೂಕಿನ ಇನ್ನೊಂದು ಕೆರೆ ಸಂಘವನ್ನು ಕರೆಸಿ ನೋಡಿ. ತೂಬು ಸೋರುತ್ತಿದೆಯೋ ಇಲ್ಲವೋ ಅವರಿಗೆ ಏರಿ ಮೇಲೆ ನಿಂತರೇ ಗೊತ್ತಾಗುತ್ತದೆ. ಜಗಳ ಇರುವ ಕಡೆ, ಹಣದ ಅನುಮಾನ ಇರುವ ಕಡೆ ಮಾತ್ರ ಹೊರಗಿನವರೇ ಸರಿ.

ಹಂತ 3: ಕಾಲ ಮತ್ತು ದುಡ್ಡು

ಮಾರ್ಚ್ ಕೊನೆಯೊಳಗೆ ಖರ್ಚು ತೋರಿಸಬೇಕು ಅಂತ ಫೆಬ್ರವರಿಯಲ್ಲಿ ಓಡಾಡುವುದು ಎಲ್ಲರಿಗೂ ಅಭ್ಯಾಸವಾಗಿದೆ. ನಾಲ್ಕೈದು ತಿಂಗಳು ಮೊದಲೇ ಶುರು ಮಾಡಿ. ಹಳ್ಳಿಗೆ ಹೋಗುವ ದಿನಗಳನ್ನು ಊರಿನ ಕೆಲಸ ನೋಡಿಕೊಂಡು ಇಡಿ. ರಾಗಿ ಕೊಯ್ಲಿನ ಹೊತ್ತಿಗೆ ಹೋದರೆ ಮನೆಯಲ್ಲಿ ಸಿಗುವವರು ಮುದುಕರು ಮಾತ್ರ. ಬೇಸಿಗೆಯಲ್ಲಿ ಹೋದರೆ ಜನ ಸಿಗುತ್ತಾರೆ, ಕೆರೆಯಲ್ಲಿ ನೀರಿರುವುದಿಲ್ಲ. ನಮ್ಮ ಕಡೆಗೆ ಡಿಸೆಂಬರ್ ಕೊನೆಯಿಂದ ಜನವರಿ ಕೊನೆಯವರೆಗೆ ಹೊಂದಿಕೆಯಾಗುತ್ತದೆ. ಸಂಕ್ರಾಂತಿಯ ವಾರ ಬಿಟ್ಟುಬಿಡಿ.

ದುಡ್ಡನ್ನು ದಿನಗಳ ಲೆಕ್ಕದಲ್ಲಿ ಹಾಕಿ. ಆ ಮೊದಲ ವರದಿಯ ನಂತರ ನಾವು ಎರಡನೇ ಸಲ ಮಾಡಿಸಿದ ಮೌಲ್ಯಮಾಪನಕ್ಕೆ, ಐದು ಊರಿನ ಲೆಕ್ಕ ಹೀಗಿತ್ತು: ಓದಿಗೆ ಮತ್ತು ತಯಾರಿಗೆ 3 ದಿನ, ಊರಿಗೆ ಎರಡು ದಿನದಂತೆ 10, ಬರವಣಿಗೆಗೆ 6, ಕರಡನ್ನು ಊರಲ್ಲಿ ಓದಿ ಹೇಳುವುದಕ್ಕೆ 5, ತಿದ್ದುಪಡಿಗೆ 2. ಒಟ್ಟು 26 ದಿನ. ಬಜೆಟ್ ಬಿಗಿಯಾದರೆ ಎಲ್ಲರೂ ಮೊದಲು ಕತ್ತರಿಸುವುದು ಆ ಐದು ದಿನವನ್ನು. ಅದನ್ನು ಮುಟ್ಟಬೇಡಿ, ಬೇಕಾದರೆ ಒಂದು ಊರು ಕಡಿಮೆ ಮಾಡಿ.

ಶುಲ್ಕ ನಿಗದಿ ಮಾಡುವಾಗ ತೆರಿಗೆ ಮರೆಯಬೇಡಿ. ಉದಾಹರಣೆಗೆ ಶುಲ್ಕ 2,00,000 ರೂಪಾಯಿ ಅಂತಿಟ್ಟುಕೊಳ್ಳಿ. ವೃತ್ತಿ ಶುಲ್ಕಕ್ಕೆ ಶೇ 10ರಂತೆ 20,000 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಅವರ ಶುಲ್ಕದಿಂದಲೇ ಹಿಡಿಯಬೇಕು. ಕನ್ಸಲ್ಟೆಂಟ್ ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಶೇ 18ರಂತೆ 36,000 ಸೇರುತ್ತದೆ. ಅಲ್ಲಿಗೆ ನಿಮ್ಮ ಖರ್ಚು 2,36,000. "ಎಲ್ಲಾ ಸೇರಿ ಎರಡು ಲಕ್ಷ" ಅಂತ ಫೋನಿನಲ್ಲಿ ಮಾತಾಡಿಕೊಂಡು ಆಮೇಲೆ ಮುಖ ಕೆಡಿಸಿಕೊಂಡವರು ತುಂಬಾ ಜನ.

ವಿದೇಶಿ ಹಣವಾದರೆ ಇನ್ನೊಂದು ಮಾತು. 2020ರ ತಿದ್ದುಪಡಿಯ ನಂತರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅಡಿ ಬಂದ ಹಣದಲ್ಲಿ ಆಡಳಿತ ವೆಚ್ಚ ಶೇ 20 ದಾಟುವ ಹಾಗಿಲ್ಲ. ಮೌಲ್ಯಮಾಪನದ ಶುಲ್ಕ ಯಾವ ತಲೆಬರಹದಡಿ ಹೋಗುತ್ತದೆ ಎಂದು ನಿಮ್ಮ ಆಡಿಟರ್ ಹತ್ತಿರ ಒಪ್ಪಂದಕ್ಕೆ ಮುಂಚೆಯೇ ಕೇಳಿ.

ಹಂತ 4: ಟಿಒಆರ್ ಬರೆಯುವುದು

ಕನ್ಸಲ್ಟೆಂಟ್ ಏನು ಮಾಡಬೇಕು, ಏನು ಕೊಡಬೇಕು ಅಂತ ಬರೆದ ಕಾಗದವೇ ಟಿಒಆರ್. ಹೆಚ್ಚಿನವರು ಹಳೆಯ ಯಾವುದೋ ಟಿಒಆರ್ ತೆಗೆದು ಹೆಸರು ಬದಲಿಸುತ್ತಾರೆ. ಎಲ್ಲ ಕೆಡುವುದು ಅಲ್ಲಿಂದಲೇ.

ಅಂಥ ಹಳೆಯ ಪ್ರತಿಗಳಲ್ಲಿ ಸಾಮಾನ್ಯವಾಗಿ ಒಇಸಿಡಿ ಅನ್ನುವ ಅಂತರರಾಷ್ಟ್ರೀಯ ಸಂಘಟನೆಯ ಆರು ಮಾನದಂಡಗಳೂ ಸಾಲಾಗಿ ಇರುತ್ತವೆ: ಪ್ರಸ್ತುತತೆ, ಹೊಂದಾಣಿಕೆ, ಗುರಿ ಮುಟ್ಟಿದ್ದು, ದಕ್ಷತೆ, ಪರಿಣಾಮ, ಬಾಳಿಕೆ. ಮೊದಲು ಐದೇ ಇದ್ದವು, ಹೊಂದಾಣಿಕೆ ಸೇರಿದ್ದು 2019ರಲ್ಲಿ. ಆರನ್ನೂ 26 ದಿನದಲ್ಲಿ ನೋಡಿ ಅಂದರೆ ಆರೂ ತೇಲಿಹೋಗುತ್ತವೆ. ಮೊದಲ ಹಂತದ ಐದು ಪ್ರಶ್ನೆಗಳನ್ನು ಬರೆಯಿರಿ. ಅವು ಯಾವ ಮಾನದಂಡಕ್ಕೆ ಸೇರುತ್ತವೆ ಅಂತ ಪಕ್ಕದಲ್ಲಿ ಗುರುತಿಸಿದರೆ ದಾನಿಗಳಿಗೂ ಸಮಾಧಾನ.

ಊರವರೇ ನಡೆಸಿದ ಕೆಲಸ ಅನ್ನುವುದನ್ನೂ ಅಳೆಯಬೇಕಲ್ವಾ? ಅದಕ್ಕೆ "ಜನರ ಸಹಭಾಗಿತ್ವ ಹೇಗಿತ್ತು" ಅಂತ ಕೇಳಿಸಬೇಡಿ. ಚೆನ್ನಾಗಿತ್ತು ಅನ್ನುವ ಉತ್ತರ ಬರುತ್ತದೆ, ಅಷ್ಟೇ. ಇಂಥ ಪ್ರಶ್ನೆ ಹಾಕಿ: ಚೆಕ್ಕಿಗೆ ಸಹಿ ಯಾರದ್ದು? ಜೆಸಿಬಿಯವನನ್ನು ಗೊತ್ತು ಮಾಡಿದ್ದು ಯಾರು? ಸಂಘ ಬೇಡ ಅಂದ ಮೇಲೆ ಸಂಸ್ಥೆ ನಿಜವಾಗಲೂ ಕೈಬಿಟ್ಟ ಕೆಲಸ ಒಂದಾದರೂ ಇದೆಯಾ? ಕೊನೆಯ ಪ್ರಶ್ನೆಗೆ ನಡಾವಳಿ ಪುಸ್ತಕದಲ್ಲಿ ಪುರಾವೆ ಸಿಗುತ್ತದೆ, ಇಲ್ಲವೇ ಸಿಗುವುದಿಲ್ಲ. ಎರಡೂ ಉತ್ತರವೇ.

ಟಿಒಆರ್‌ನಲ್ಲಿ ಹಿನ್ನೆಲೆಯ ಒಂದು ಪ್ಯಾರಾ ಕಡ್ಡಾಯವಾಗಿ ಇರಲಿ, ಇಲ್ಲದಿದ್ದರೆ ತಪ್ಪು ತೀರ್ಮಾನಗಳು ಬರುತ್ತವೆ. ಮೂರು ಉದಾಹರಣೆ ಕೊಡುತ್ತೇನೆ.

ಎಫ್‌ಸಿಆರ್‌ಎ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದು 2020ರಿಂದ ನಿಷಿದ್ಧ. ಇದು ಗೊತ್ತಿಲ್ಲದವರು "ಸಂಸ್ಥೆ ಹಣವನ್ನು ಸಂಘದ ಖಾತೆಗೆ ಕೊಡದೆ ತಾನೇ ಇಟ್ಟುಕೊಂಡಿದೆ" ಅಂತ ಬರೆದುಬಿಡುತ್ತಾರೆ. ಅದು ನಿಮ್ಮ ಮನಸ್ಸಿನ ದೋಷ ಅಲ್ಲ, ಕಾನೂನು.

ಇನ್ನು ಮಳೆ. ಕೋಲಾರದ ಕೆರೆಗಳಿಗೆ 2022 ತುಂಬಾ ಒಳ್ಳೆಯ ವರ್ಷ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತು. ಈ ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟರೆ ಎಂಥ ಒಳ್ಳೆಯ ಕೆಲಸವೂ ಸೋತ ಹಾಗೆ ಕಾಣುತ್ತದೆ, ತಿರುಗಿಸಿ ಇಟ್ಟರೆ ಕಳಪೆ ಕೆಲಸವೂ ಗೆದ್ದ ಹಾಗೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ಆ ಲೆಕ್ಕ ತೆಗೆದುಕೊಂಡೇ ಹೋಲಿಸಬೇಕು ಅಂತ ಬರೆಯಿರಿ.

ಮೂರನೆಯದು ಕೆ.ಸಿ. ವ್ಯಾಲಿ ಯೋಜನೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಆ ಸಾಲಿನಲ್ಲಿರುವ ಕೆರೆಯ ಸುತ್ತ ಬೋರ್‌ವೆಲ್ ನೀರು ಮೇಲೆ ಬಂದಿದ್ದರೆ ಅದು ಹೂಳು ತೆಗೆದದ್ದಕ್ಕೆ ಅಂತ ಹೇಗೆ ಹೇಳುತ್ತೀರಿ? ಯಾವ ಕೆರೆಗೆ ಆ ನೀರು ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಅನ್ನುವುದನ್ನು ನೀವೇ ಮೊದಲು ತಿಳಿಸಿ. ಮರೆಮಾಚಿದರೆ ಆಮೇಲೆ ಇಡೀ ವರದಿಯ ಮೇಲೆ ಯಾರಿಗೂ ನಂಬಿಕೆ ಇರುವುದಿಲ್ಲ.

ಕೊನೆಗೆ ಏನೇನು ಕೊಡಬೇಕು ಅಂತ ಬರೆಯಿರಿ: ಕೆಲಸದ ಯೋಜನೆ, ಕನ್ನಡದಲ್ಲಿ 15 ಪುಟ ಮೀರದ ಕರಡು, ಊರಲ್ಲಿ ಓದಿ ಹೇಳುವ ಸಭೆಗಳು, ದಾನಿಗಳಿಗೆ ಇಂಗ್ಲಿಷ್ ಪ್ರತಿ. ಕನ್ನಡದ್ದು ಮೊದಲು, ಇಂಗ್ಲಿಷ್ ಆಮೇಲೆ. ಇದನ್ನು ಉಲ್ಟಾ ಮಾಡಿದರೆ ಕನ್ನಡ ಪ್ರತಿ ಬರುವುದೇ ಇಲ್ಲ, ನೋಡಿ ಹೇಳ್ತಿದ್ದೇನೆ. ಟಿಒಆರ್ ಎರಡು ಮೂರು ಪುಟದಲ್ಲಿ ಮುಗಿಯಲಿ. ಸಂಘದ ಸಭೆಯಲ್ಲಿ ಓದಿ ಒಪ್ಪಿಗೆ ತೆಗೆದುಕೊಂಡ ಮೇಲೆ ಹೊರಗೆ ಬಿಡಿ.

ಹಂತ 5: ಹುಡುಕುವುದು

ಪರಿಚಯದವರ ವಾಟ್ಸಾಪ್ ಗುಂಪಿಗೆ ಹಾಕಿ ಸುಮ್ಮನಾಗಬೇಡಿ. ಕೃಷಿ ವಿಶ್ವವಿದ್ಯಾಲಯಗಳ ಹಾಗೂ ಸಮಾಜಕಾರ್ಯ ವಿಭಾಗಗಳ ಅಧ್ಯಾಪಕರು, ನಿವೃತ್ತ ಜಲಾನಯನ ಅಧಿಕಾರಿಗಳು, ಬೇರೆ ಜಿಲ್ಲೆಯ ಸಂಸ್ಥೆಗಳಲ್ಲಿ ಕೆಲಸ ಮಾಡಿ ಈಗ ಸ್ವತಂತ್ರವಾಗಿರುವವರು, ಎಲ್ಲರಿಗೂ ಕಳಿಸಿ. ಅರ್ಜಿಗೆ ಮೂರು ವಾರ ಕೊಡಿ. ನಿಮ್ಮ ಸಂಸ್ಥೆಯಲ್ಲಿ ಈ ಮೊದಲು ಕೆಲಸ ಮಾಡಿದವರು, ದಾನಿಗಳ ನೆಂಟರಿಷ್ಟರು ಬೇಡ. ಇಂಜಿನಿಯರ್ ಒಬ್ಬರೇ ಬಂದರೆ ತೂಬಿನ ಸಿಮೆಂಟ್ ನೋಡುತ್ತಾರೆ, ಸಮಾಜಶಾಸ್ತ್ರದವರು ಒಬ್ಬರೇ ಬಂದರೆ ಸಭೆ ನೋಡುತ್ತಾರೆ. ಇಬ್ಬರು ಜೊತೆಯಾಗಿ ಬಂದರೆ ಚೆಂದ, ಅವರಲ್ಲಿ ಒಬ್ಬರು ಹೆಂಗಸಾಗಿರಲಿ.

ಭಾಷೆಯನ್ನೂ ನೋಡಿ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಊರುಗಳಲ್ಲಿ ಮನೆಮಾತು ತೆಲುಗು. ಅಧ್ಯಕ್ಷರು ಕನ್ನಡದಲ್ಲಿ ಉತ್ತರ ಕೊಡುತ್ತಾರೆ, ಹಿಂದೆ ಕೂತ ಅಜ್ಜಿ ತೆಲುಗಿನಲ್ಲಿ ಬೈಯುತ್ತಿರುತ್ತಾರೆ. ನಿಮಗೆ ಬೇಕಾದದ್ದು ಆ ಅಜ್ಜಿಯ ಮಾತು.

ಹಂತ 6: ಅರ್ಜಿಯನ್ನು ಕ್ಯಾಲ್ಕುಲೇಟರ್ ಹಿಡಿದು ಓದಿ

ಚೆಂದದ ಮಾತು ಬಿಡಿ, ಅಂಕಿ ನೋಡಿ. ನಮಗೆ ಬಂದ ಒಂದು ಅರ್ಜಿಯಲ್ಲಿ "300 ಮನೆಗಳ ಸಮೀಕ್ಷೆ, ನಾಲ್ವರು ಸಮೀಕ್ಷಕರು, ಮೂರು ದಿನ" ಎಂದಿತ್ತು. ಭಾಗಿಸಿ. ಒಬ್ಬರಿಗೆ ದಿನಕ್ಕೆ 25 ಮನೆ. ಅವರ ಪ್ರಶ್ನಾವಳಿಗೇ 40 ನಿಮಿಷ ಬೇಕು ಅಂತ ಇನ್ನೊಂದು ಪುಟದಲ್ಲಿತ್ತು. ಅಂದರೆ ನಡೆಯುವುದು, ಊಟ ಎಲ್ಲ ಬಿಟ್ಟು ದಿನಕ್ಕೆ ಹೆಚ್ಚುಕಡಿಮೆ ಹದಿನಾರೂ ಮುಕ್ಕಾಲು ಗಂಟೆ. ಅಂಥ ಕಡೆ ಫಾರಂಗಳು ತುಂಬುವುದು ಮರದಡಿ ಕೂತು.

ಇವನ್ನೂ ಗಮನಿಸಿ: ನಿಮ್ಮ ಐದು ಪ್ರಶ್ನೆಗಳಿಗೆ ಬೇರೆಬೇರೆ ಉತ್ತರ ಇದೆಯಾ, ಅಥವಾ ಎಲ್ಲದಕ್ಕೂ "ಗುಂಪು ಚರ್ಚೆ" ಅಂತಲೇ ಇದೆಯಾ? ಅರ್ಜಿಯಲ್ಲಿ ಹೆಸರಿರುವ ಹಿರಿಯರು ಎಷ್ಟು ದಿನ ಖುದ್ದಾಗಿ ಬರುತ್ತಾರೆ? ಹೆಸರು ಅವರದ್ದು, ಓಡಾಟ ಹೊಸ ಹುಡುಗರದ್ದು ಆಗುವುದು ಮಾಮೂಲು. ಬೇರೆ ಜಿಲ್ಲೆಯ ಹೆಸರು ಎಲ್ಲಾದರೂ ಉಳಿದುಬಿಟ್ಟಿದೆಯಾ? ಇದ್ದರೆ ಪಕ್ಕಕ್ಕಿಡಿ. ನಮ್ಮ ತೂಬಿನ ಫೋಟೊ ಕಥೆ ಆಗಿದ್ದು ಹಾಗೇ.

ಎಲ್ಲರಿಗಿಂತ ಕಡಿಮೆ ದರ ಹಾಕಿದವರಿಗೇ ಕೊಡಬೇಕಿಲ್ಲ. ವಿಧಾನ, ಅನುಭವ, ಭಾಷೆಗೆ ಮೊದಲು ಅಂಕ ಕೊಟ್ಟು, ದರದ ಲಕೋಟೆಯನ್ನು ಕೊನೆಗೆ ಒಡೆಯಿರಿ.

ಹಂತ 7: ಸಂದರ್ಶನ ಊರಲ್ಲೇ ಆಗಲಿ

ಮೂವರನ್ನು ಆರಿಸಿ, ಒಂದು ಊರಿಗೇ ಕರೆಸಿ. ಪ್ರಯಾಣದ ಖರ್ಚು ನೀವೇ ಕೊಡಿ. ಆಯ್ಕೆ ಸಮಿತಿಯಲ್ಲಿ ಐವರಿದ್ದರೆ ಮೂವರು ಸಂಘದವರು, ಅದರಲ್ಲಿ ಒಬ್ಬರಾದರೂ ಹೆಂಗಸರು. ಸಂಘದವರ ಅಂಕ ಶೋಕಿಗಲ್ಲ, ಲೆಕ್ಕಕ್ಕೆ ಹಿಡಿಯಬೇಕು.

ಏರಿ ಮೇಲೆ ಅವರನ್ನು ಅರ್ಧ ಗಂಟೆ ನಡೆಸಿ, ಸುಮ್ಮನೆ ನೋಡಿ. ನಮ್ಮ ಎರಡನೇ ಸಲ ಒಬ್ಬರು ಟ್ಯಾಬ್ ತೆಗೆದು ತಮ್ಮ ಸಾಫ್ಟ್‌ವೇರ್ ತೋರಿಸಿದರು. ಇನ್ನೊಬ್ಬಾಕೆ ನೀರಗಂಟಿ ಹತ್ತಿರ ಹೋಗಿ, "ತೂಬು ಎಷ್ಟು ದಿನಕ್ಕೊಂದ್ಸಲ ಎತ್ತುತ್ತೀರಣ್ಣ? ಯಾರು ಹೇಳಿದರೆ ಎತ್ತುತ್ತೀರಿ?" ಅಂದರು. ನೀರಗಂಟಿ ಅಧ್ಯಕ್ಷರ ಮುಖ ನೋಡಿ, ತಡೆದು ಉತ್ತರ ಕೊಟ್ಟರು. ಅವರು ತಡೆದದ್ದನ್ನು ಆಕೆ ಗಮನಿಸಿದ್ದರು. ಸಂಘದವರು ಯಾರನ್ನು ಆರಿಸಿದರು ಅಂತ ಬೇರೆ ಹೇಳಬೇಕಿಲ್ಲ.

ಒಂದು ಪ್ರಶ್ನೆ ತಪ್ಪದೆ ಕೇಳಿ: "ಕೆಲಸ ಕೊಟ್ಟ ಸಂಸ್ಥೆಗೆ ಇಷ್ಟವಾಗದ ಯಾವ ಮಾತನ್ನು ನೀವು ಬರೆದಿದ್ದೀರಿ? ಆಮೇಲೆ ಏನಾಯಿತು?" ಉತ್ತರ ಇಲ್ಲದವರನ್ನು ಬಿಡಿ. ಹಿಂದಿನ ಕೆಲಸದ ಬಗ್ಗೆ ವಿಚಾರಿಸುವಾಗ ಆ ಸಂಸ್ಥೆಗೆ ಫೋನ್ ಮಾಡಿದರೆ ಸಾಲದು, ಅವರು ಹೋಗಿದ್ದ ಊರಿನ ಸಂಘಕ್ಕೂ ಮಾಡಿ. "ವರದಿ ನಿಮ್ಮ ಕೈಗೆ ಬಂತಾ?" ಅಂತ ಒಂದೇ ಮಾತು ಕೇಳಿ.

ಹಂತ 8: ಒಪ್ಪಂದ

ಕಂತುಗಳನ್ನು ಕೆಲಸಕ್ಕೆ ಕಟ್ಟಿ. ಯೋಜನೆ ಒಪ್ಪಿದ ಮೇಲೆ ಶೇ 20, ಹಳ್ಳಿ ಕೆಲಸ ಮುಗಿದ ಮೇಲೆ 30, ಕನ್ನಡ ಕರಡು ಊರುಗಳಲ್ಲಿ ಓದಿಯಾದ ಮೇಲೆ 30, ಅಂತಿಮ ಪ್ರತಿಗೆ 20. ಅರ್ಧ ದುಡ್ಡು ಮುಂಗಡ ಕೇಳುವವರು ಕೊನೆಯಲ್ಲಿ ಫೋನ್ ಎತ್ತುವುದಿಲ್ಲ.

ಹಳ್ಳಿಗೆ ಬರುವವರ ಹೆಸರು ಒಪ್ಪಂದದಲ್ಲೇ ಇರಲಿ, ಬದಲಾದರೆ ಮೊದಲೇ ತಿಳಿಸಬೇಕು. ಸಂಗತಿಯ ತಪ್ಪನ್ನು ತಿದ್ದಿಸುವ ಹಕ್ಕು ನಿಮಗಿದೆ, ತೀರ್ಮಾನವನ್ನು ಬದಲಿಸುವ ಹಕ್ಕು ಇಲ್ಲ ಅನ್ನುವ ಸಾಲೂ ಇರಲಿ. ಇದನ್ನು ಹಾಕಲು ಸಂಸ್ಥೆಗಳೇ ಹಿಂಜರಿಯುತ್ತವೆ. ಜನರ ಹೆಸರು, ಫೋನ್, ಸಾಲದ ವಿವರ ಅವರ ಒಪ್ಪಿಗೆ ಇಲ್ಲದೆ ಸಂಗ್ರಹಿಸಬಾರದು, ಕೆಲಸ ಮುಗಿದ ಮೇಲೆ ಇಟ್ಟುಕೊಳ್ಳಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇದು ಬರೀ ಸೌಜನ್ಯದ ಮಾತಾಗಿ ಉಳಿದಿಲ್ಲ.

ಹಂತ 9: ಹಳ್ಳಿಯಲ್ಲಿರುವಾಗ ನೀವು ದೂರ ಇರಿ

ಮೊದಲ ದಿನ ಪರಿಚಯ ಮಾಡಿಸಿ, ಹೊರಟುಬಿಡಿ. ನಿಮ್ಮ ಸಿಬ್ಬಂದಿ ಎದುರಿಗೆ ಕೂತಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ಸಂಸ್ಥೆಯ ಜೀಪಿನಲ್ಲಿ ಅವರನ್ನು ಓಡಾಡಿಸಬೇಡಿ. ಯಾರನ್ನು ಭೇಟಿ ಮಾಡಬೇಕು ಅನ್ನುವ ಪಟ್ಟಿಯನ್ನೂ ನೀವು ಕೊಡಬೇಡಿ, ಅಚ್ಚುಕಟ್ಟುದಾರರ ಪೂರ್ತಿ ಪಟ್ಟಿ ಕೊಟ್ಟು ಅವರೇ ಚೀಟಿ ಎತ್ತಲಿ.

ನಡುವೆ ಅನುಮಾನ ಪಡಬೇಕಾದ ಸೂಚನೆಗಳು: ಎಲ್ಲ ಸಭೆಗಳೂ ಬೆಳಿಗ್ಗೆ 11ಕ್ಕೆ ಇವೆ, ಅಂದರೆ ಕೂಲಿಗೆ ಹೋಗುವವರು ಯಾರೂ ಸಿಕ್ಕಿಲ್ಲ. ಎರಡು ದಿನದ ಊರು ಅರ್ಧ ದಿನಕ್ಕೆ ಮುಗಿದಿದೆ. ಕೆರೆಯ ಕೊನೆಯ ಗದ್ದೆಗೆ ಯಾರೂ ನಡೆದುಹೋಗಿಲ್ಲ. ದಲಿತ ಕೇರಿಯಲ್ಲಿ ಸಭೆ ಆಗಿಲ್ಲ, ಆದರೆ ಅಲ್ಲಿನವರ ಸಹಿಗಳು ಹಾಜರಿ ಪುಸ್ತಕದಲ್ಲಿವೆ. ಇವುಗಳಲ್ಲಿ ಒಂದು ಕಂಡರೂ ಅಂದೇ ಮಾತಾಡಿ, ವರದಿ ಬರುವವರೆಗೆ ಕಾಯಬೇಡಿ.

ಹಂತ 10: ಕರಡನ್ನು ಊರಲ್ಲಿ ಓದಿಸಿ

ಸಂಜೆ ಏಳರ ಮೇಲೆ, ದೇವಸ್ಥಾನದ ಜಗಲಿಗಿಂತ ಶಾಲೆಯಲ್ಲಿ. ಜಗಲಿಗೆ ಎಲ್ಲರೂ ಹತ್ತುವುದಿಲ್ಲ. ಕನ್ಸಲ್ಟೆಂಟ್ ಗಟ್ಟಿಯಾಗಿ ಓದಲಿ, ಒಂದೊಂದು ತೀರ್ಮಾನ ಆದ ಮೇಲೂ ನಿಲ್ಲಿಸಲಿ. ಜನ ಒಪ್ಪದಿದ್ದರೆ ಅವರ ಮಾತನ್ನೂ ಪಕ್ಕದಲ್ಲೇ ಬರೆಯಲಿ, ಅಳಿಸುವುದು ಬೇಡ.

ನಮ್ಮ ಕೊನೆಯ ಗದ್ದೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಂಥ ಸಭೆಯಲ್ಲಿ. ಕಾಲುವೆಯ ಇಳಿಜಾರು ಸರಿಯಿಲ್ಲ ಅಂತ ಕರಡಿನಲ್ಲಿತ್ತು. ಹಿಂದಿನಿಂದ ಒಬ್ಬಾಕೆ ಎದ್ದು, "ಇಳಿಜಾರೆಲ್ಲ ಸರಿಯಾಗೇ ಐತೆ, ಮಧ್ಯದಲ್ಲಿ ಇಬ್ಬರು ರಾತ್ರಿ ಮೋಟರ್ ಇಡ್ತಾರೆ" ಅಂದರು. ಶಾಲೆ ಸ್ವಲ್ಪ ಹೊತ್ತು ಗಪ್‌ಚುಪ್. ಮರುದಿನ ಕನ್ಸಲ್ಟೆಂಟ್ ಕಾಲುವೆ ಉದ್ದಕ್ಕೂ ಮತ್ತೆ ನಡೆದು ಬಂದು ಆ ಪುಟವನ್ನು ಹೊಸದಾಗಿ ಬರೆದರು.

ಕೊನೆಯ ಕಂತಿನ ಚೆಕ್ ಬರೆಯುವ ಮುನ್ನ ಮೂರು ನೋಡಿ. ಕನ್ನಡ ಪ್ರತಿ ಐದೂ ಸಂಘಗಳ ಕೈಗೆ ಸೇರಿದೆಯಾ, ಸಂಗ್ರಹಿಸಿದ ಮಾಹಿತಿ ವಾಪಸ್ ಬಂದಿದೆಯಾ, ಪ್ರತಿ ಫೋಟೊದ ಕೆಳಗಿನ ಊರಿನ ಹೆಸರು ಸರಿಯಾಗಿದೆಯಾ. ಮೂರನೆಯದನ್ನು ಅಧ್ಯಕ್ಷರ ಹತ್ತಿರವೇ ಪರೀಕ್ಷೆ ಮಾಡಿಸಿ.